ಇಳಕಲ್ಲಿನ ಎಲೆಕ್ಟ್ರಾನು

ಇಳಕಲ್ಲಿನ ನೇಕಾರ ಓಣಿಗೆ ಬಂದು ಅಮರಪ್ಪನ ಮನೆ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಅದೇ, ಹಾಡುವ ಅಮರಪ್ಪ ಎಂದರೆ ಕೂಡಲೇ ಕೈ ಮಾಡಿ ತೋರಿಸುತ್ತಿದ್ದರು. ತಮಾಷೆಯೆಂದರೆ, ಅವನು ಹಾಡುವುದನ್ನು ಆ ಓಣಿಯಲ್ಲಿ ಒಬ್ಬರೂ ಕಣ್ಣಾರೆ ಕಂಡವರಿರಲಿಲ್ಲ. ಕೇಳಿದ್ದರು, ಅಷ್ಟೇ.

ಅವನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಮನುಷ್ಯ ಅರ್ಧವೇ ಕಾಣುವುದು. ಅಮರಪ್ಪನ ಮಗ್ಗ ಕತ್ತಲ ಮೂಲೆಯಲ್ಲಿದ್ದುದರಿಂದ ಆ ಅರ್ಧವೂ ಸರಿಯಾಗಿ ಕಾಣುತ್ತಿರಲಿಲ್ಲ. ಲಾಳಿಯ ಸಪ್ಪಳ ಹಿಡಿದುಕೊಂಡು, ಅವ್ವ ಬೀಸುವಾಗ ಹಾಡುತ್ತಿದ್ದ ಪದವೊಂದನ್ನು ಅವನು ಎತ್ತಿಕೊಂಡನೆಂದರೆ ನೀರಿಗೆ ಹೊರಟ ಹೆಂಗಸರು ಕೊಡ ಕೆಳಗಿಟ್ಟು ನಿಲ್ಲುತ್ತಿದ್ದರು. ಎಂಥ ದನಿ ಅಂತೀರಿ, ಕೇಳಿದವರಿಗೆ ತಮ್ಮ ಮನೆಯ ಚಿಂತೆ ಮರೆತುಹೋಗುವಂಥ ದನಿ. ಆದರೆ ಬಾಗಿಲಲ್ಲಿ ಒಂದು ನೆರಳು ಬಿತ್ತೋ, ಮುಗಿಯಿತು. ಹಾಡು ಅಲ್ಲಿಗೇ ನಿಂತು ಬರೀ ಮಗ್ಗದ ಸಪ್ಪಳ ಉಳಿಯುತ್ತಿತ್ತು.

ಅವನ ನಾಚಿಕೆ ಊರಿಗೆಲ್ಲ ಗೊತ್ತಾದದ್ದು ಅವನ ಮದುವೆಯಲ್ಲಿ. ಈ ಕಡೆ ಮದುವೆಯಲ್ಲಿ ಒಡಪು ಹಾಕಿ ಹೆಸರು ಹೇಳಬೇಕು. ಪ್ರಾಸ ಕಟ್ಟಿದ ನಾಲ್ಕು ಸಾಲಿನೊಳಗೆ ಹೆಂಡತಿ ಗಂಡನ ಹೆಸರು, ಗಂಡ ಹೆಂಡತಿಯ ಹೆಸರು. ಮದುವಣಗಿತ್ತಿ ಶೇಖವ್ವ ತನ್ನ ಸರದಿ ಬಂದಾಗ ತಲೆ ಎತ್ತಿ, ಚಪ್ಪರದ ಆಚೆ ಕಡೆಯವರಿಗೂ ಕೇಳುವಂತೆ ಹೇಳಿ ಮುಗಿಸಿದಳು. ಅಮರಪ್ಪನ ಸರದಿ ಬಂತು. ಗೆಳೆಯರು ತಿಂಗಳುಗಟ್ಟಲೆ ಕಲಿಸಿದ್ದ ಒಡಪು. ಬಾಯಿ ತೆರೆದ. ಗಂಟಲಿನಿಂದ ಗಾಳಿ ಬಂತು, ಆಮೇಲೆ ಕೀಚಲು ದನಿಯೊಂದು ಬಂತು, ಆಮೇಲೆ ಅದೂ ನಿಂತಿತು. ಬೀಗರ ಕಡೆಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಹದಿನೈದು ವರ್ಷದ ಮೇಲೂ ಮಾವನ ಮನೆಗೆ ಹೋದರೆ ಯಾರಾದರೊಬ್ಬರು ಅದನ್ನು ತೆಗೆಯದೆ ಬಿಡುತ್ತಿರಲಿಲ್ಲ. ಅವನು ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಶೇಖವ್ವ ಒಬ್ಬಳೇ ಆ ಮಾತಿಗೆ ಎಂದೂ ನಗಲಿಲ್ಲ.

ಇಂಥವನನ್ನು ಮಂದಿಯ ಮುಂದೆ ತಂದು ನಿಲ್ಲಿಸಿದವರು ಹುಲ್ಲಪ್ಪ ಮಾಸ್ತರರು.

ಮಾಸ್ತರರು ಚೊಳಚಗುಡ್ಡದವರು, ಕುರಿ ಕಾಯುವ ಮನೆಯವರು, ಬೀರಪ್ಪನ ಒಕ್ಕಲು. ಇಳಕಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಶಿಕ್ಷಕರ ತರಬೇತಿಗೆಂದು ಧಾರವಾಡಕ್ಕೆ ಹೋದವರು ತಲೆಯಲ್ಲಿ ಒಂದು ಹುಳ ಹೊಕ್ಕಿಸಿಕೊಂಡು ಬಂದರು. ಅದರ ಹೆಸರು ಕ್ವಾಂಟಮ್. ಅಣುವಿನ ಒಳಗೆ ನಡೆಯುವ ವ್ಯವಹಾರ ನಮ್ಮ ನಿಮ್ಮ ವ್ಯವಹಾರದಂತಲ್ಲ, ಅದನ್ನು ದೊಡ್ಡ ಓದಿನವರು ಮಾತ್ರ ತಿಳಿದರೆ ಸಾಲದು, ನೇಯುವವರಿಗೂ ಉಳುವವರಿಗೂ ತಿಳಿಯಬೇಕು ಎಂದು ಅವರ ಹಟ. ತಿಳಿಸುವುದು ಹೇಗೆ? ಲೆಕ್ಕ ಬರೆದರೆ ಜನ ಎದ್ದು ಹೋಗುತ್ತಾರೆ. ಮಾಸ್ತರರಿಗೆ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಲು ಬರುತ್ತಿತ್ತು. ಅದನ್ನೇ ಹೆಗಲಿಗೇರಿಸಿದರು.

ವೇದಿಕೆಯ ಮೇಲೆ ಪೇಟಿ ಇಟ್ಟು, ಒಂದು ಪಟ್ಟಿ ಒತ್ತಿ, ಅದರ ಪಕ್ಕದ್ದು ಒತ್ತಿ ಕೇಳುತ್ತಿದ್ದರು. "ಈ ಎರಡು ಪಟ್ಟಿ ನಡುವ ಬೆರಳ ಇಟ್ಟರ ಏನು ಬರತೈತಿ?"

"ಏನೂ ಬರೂದಿಲ್ರಿ."

"ಹಾಂ. ಎಲೆಕ್ಟ್ರಾನು ಅಂಬೋದೂ ಹಿಂಗ. ಈ ಮನ್ಯಾಗ ಇರತೈತಿ, ಇಲ್ಲಾ ಆ ಮನ್ಯಾಗ ಇರತೈತಿ. ನಡುವ ನಿಲ್ಲಾಕ ಜಾಗಾ ಇಲ್ಲ."

ಆಮೇಲೆ ಏಕತಾರಿ. ತಂತಿಯ ನಟ್ಟನಡುವೆ ಹಗುರಾಗಿ ಬೆರಳು ತಾಗಿಸಿ ಮೀಟಿದರೆ ಮೇಲಿನ ಸಾ ಹೊಮ್ಮುತ್ತದೆ. ಮೂರರಲ್ಲೊಂದು ಪಾಲಿಗೆ ತಾಗಿಸಿದರೆ ಪಂಚಮ. ಎಲ್ಲೆಂದರಲ್ಲಿ ತಾಗಿಸಿದರೆ ಠಪ್ ಎಂದು ಸತ್ತ ಸಪ್ಪಳ. ಎರಡೂ ತುದಿ ಕಟ್ಟಿದ ತಂತಿ ಇಡೀ ಅಲೆಗಳನ್ನೇ ಹೊತ್ತುಕೊಳ್ಳುತ್ತದೆ, ಅರೆಬರೆ ಅಲೆಗೆ ಅಲ್ಲಿ ಬಾಳಿಲ್ಲ. ಅಣುವಿನೊಳಗೆ ಕಟ್ಟುಬಿದ್ದ ಎಲೆಕ್ಟ್ರಾನೂ ಒಂದು ಅಲೆ, ಅದಕ್ಕೇ ಅದರ ಮೆಟ್ಟಿಲುಗಳು ಎಣಿಸಿಟ್ಟಂತೆ ಇರುತ್ತವೆ ಎಂದು ಮಾಸ್ತರರು ಹೇಳುವಾಗ ಮುದುಕರೂ ತಲೆದೂಗುತ್ತಿದ್ದರು. ಚೊಳಚಗುಡ್ಡದಲ್ಲಿ ಅವರ ಸೋದರತ್ತೆ ಬೋರವ್ವ, ಪೇಟಿ ಬಂದ ಮೇಲೆ ಭಜನೆಯೇ ಇರಬೇಕೆಂದು ಕಾಯಿ, ಊದಿನಕಡ್ಡಿ ಹಿಡಿದು ಬಂದು, ನಡುವೆ ಎದ್ದು ಎಲೆಕ್ಟ್ರಾನಿಗೆ ಕಾಯಿ ಒಡೆಸಿಯೇ ಬಿಟ್ಟಳು. ಮಾಸ್ತರರು ಬೇಡವೆನ್ನಲಿಲ್ಲ. ಎಲ್ಲರಿಗೂ ಕೊಬ್ಬರಿ ಹಂಚಿ ಮಾತು ಮುಂದುವರಿಸಿದರು. ಅಂಥ ಮನುಷ್ಯ.

ಒಂದು ಸಂಗತಿ ಮಾತ್ರ ಪೇಟಿಗೂ ಏಕತಾರಿಗೂ ದಕ್ಕುತ್ತಿರಲಿಲ್ಲ. ಒಂದನ್ನು ಖಚಿತವಾಗಿ ಹಿಡಿದರೆ ಇನ್ನೊಂದು ಕೈಜಾರುತ್ತದೆ ಎಂಬ ಸಂಗತಿ ಅದು. "ಚಿಟಿಕಿ ಹೊಡದ್ರ ಯಾವಾಗ ಹೊಡದೆ ಅಂಬೋದು ಗೊತ್ತಾಗತೈತಿ, ಯಾವ ಸ್ವರ ಅಂಬೋದು ಗೊತ್ತಾಗಂಗಿಲ್ಲ. ಸ್ವರ ಗೊತ್ತಾಗಬೇಕಂದ್ರ ಉದ್ದಕ ಎಳೀಬೇಕು. ಎಳದ್ರ ಯಾವಾಗ ಅಂಬೋದು ಹೋತು." ಹೀಗೆ ಹೇಳಿ ತಾವೇ ಸ್ವರ ಎಳೆಯುತ್ತಿದ್ದರು. ಮಾಸ್ತರರ ದನಿ ಕೇಳಲು ಎರಡು ಕಿವಿ ಹೆಚ್ಚೇ ಆಗುತ್ತಿದ್ದವು. ಜನ ಮುಸಿಮುಸಿ ನಗುತ್ತಿದ್ದರು. ಒಳ್ಳೆಯ ಕಂಠ ಬೇಕಿತ್ತು.

ಆ ಕಂಠ ಅವರಿಗೆ ಸಿಕ್ಕಿದ್ದು ನೇಕಾರ ಓಣಿಯಲ್ಲಿ ಸೈಕಲ್ಲು ತಳ್ಳಿಕೊಂಡು ಹೋಗುವಾಗ. ಒಳಗೆ ಬಂದು ಕುಣಿಯ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತರು. ಅಮರಪ್ಪ ಲಾಳಿಯಿಂದ ಕಣ್ಣೆತ್ತಲಿಲ್ಲ.

"ಒಲ್ಲೆನ್ರಿ ಮಾಸ್ತರ್ರ. ಮಂದಿ ಕಂಡ್ರ ನನ್ನ ಗಂಟಲು ಕಟ್ಟತೈತಿ."

"ಮಂದಿ ನಿನ್ನ ನೋಡೂದ ಬ್ಯಾಡ. ಪರದೆ ಕಟ್ಟೂಣು. ನೀ ಹಿಂದ ಕುಂತು ಹಾಡು."

ಶೇಖವ್ವ ಅಲ್ಲೇ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದಳು. "ಹೋಗಿ ಬರ್ರಿ," ಎಂದಳು. "ಗ್ವಾಡಿಗೆ ಹಾಡೂದು ಸಾಕಾತು." ಅವಳು ಹೇಳಿದ್ದಕ್ಕೇ ಅವನು ಒಪ್ಪಿದ್ದು.

ಹುನಗುಂದದ ಒಂದು ಶಾಲೆಯ ಹಾಲಿನಲ್ಲಿ ಮೊದಲ ಸಲ. ಪರದೆಯೆಂದರೆ ಅಮರಪ್ಪನ ಮಗ್ಗದಿಂದಲೇ ಇಳಿದ ಒಂದು ಕೆಂಪು ಸೆರಗಿನ ಸೀರೆ. ಅದರ ಹಗ್ಗ ಹಿಡಿದು ನಿಂತವನು ಲಾಡಸಾಬ, ಸೈಕಲ್ ಅಂಗಡಿಯವನು, ಅಮರಪ್ಪನ ಬಾಲ್ಯದ ಗೆಳೆಯ. ಸೀರೆಯ ಹಿಂದೆ ಕೂತು ಅಮರಪ್ಪ ಷಡ್ಜ ಎಳೆದ. ಮಾಸ್ತರರ ವಿವರಣೆ ಮುಗಿಯಿತು. ಜನ, ಪೂರಾ ಒಂದು ಪದ ಆಗಲಿ ಎಂದರು. ಆಯಿತು, ಹಾಡಿದ. ಹಾಲಿನ ತುಂಬ ಮಂದಿ ಕೂತಿದ್ದರು, ಒಬ್ಬರೂ ಕೆಮ್ಮಲಿಲ್ಲ. ತನ್ನ ದನಿ ಅಷ್ಟು ದೊಡ್ಡ ಜಾಗವನ್ನು ತುಂಬಿದ್ದು ಅವನು ಅದೇ ಮೊದಲು ಕೇಳಿದ್ದು. ಮೈ ಜುಮ್ಮೆಂದಿತು. ಅಷ್ಟರಲ್ಲಿ ಲಾಡಸಾಬನಿಗೆ ಸೀನು ಬಂತು, ಹಗ್ಗ ಕೈ ತಪ್ಪಿತು, ಸೀರೆ ಕುಸಿದು ಬಿತ್ತು.

ಇನ್ನೂರು ಜೋಡಿ ಕಣ್ಣು. ಅಮರಪ್ಪನ ದನಿ ನಡು ಸಾಲಿನಲ್ಲೇ ಒಡೆಯಿತು. ಕೀಚಲಾಗಿ ಏನೋ ಹೊರಬಂತು. ಅವನು ಕತ್ತು ಹಿಡಿದುಕೊಂಡು ಕೂತ. ಹಾಲಿಗೆ ಹಾಲೇ ನಕ್ಕಿತು. ಮದುವೆಯ ಚಪ್ಪರದ ನಗೆಯೇ, ಆದರೆ ಅದಕ್ಕಿಂತ ದೊಡ್ಡದು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ.

ಮಾಸ್ತರರು ಆ ಗಳಿಗೆಯಲ್ಲಿ ಮಾಡಿದ್ದು ನೋಡಿ. ಕೈ ಎತ್ತಿ ಜನರನ್ನು ಸುಮ್ಮನಾಗಿಸಿದರು. "ನೋಡಿದ್ರಿಲ್ಲ? ನಾವು ನೋಡದಿದ್ದಾಗ ಒಂದು ನಮೂನಿ, ನೋಡಿದ ಕೂಡಲೆ ಇನ್ನೊಂದು ನಮೂನಿ. ಎಲೆಕ್ಟ್ರಾನು ಖರೇನ ಹಿಂಗ ಮಾಡತೈತಿ. ನೋಡೂದಂದ್ರ ಬರೇ ನೋಡೂದಲ್ಲ, ನೋಡಿದ್ದು ಬದಲಾಗತೈತಿ." ಚಪ್ಪಾಳೆ ಬಿತ್ತು. ಅವತ್ತಿನ ಇಡೀ ಭಾಷಣದಲ್ಲಿ ಜನರಿಗೆ ತಿಳಿದದ್ದು, ಮನೆಗೆ ಒಯ್ದದ್ದು ಅದೊಂದೇ ಮಾತು.

ಇನ್ನು ಬರಂಗಿಲ್ಲ ಎಂದು ಅಮರಪ್ಪ ವಾರಗಟ್ಟಲೆ ಹಟ ಹಿಡಿದ. ಮಾಸ್ತರರು ಬಿಡಲಿಲ್ಲ. ಕೊನೆಗೆ ಅವನು ಹೋದದ್ದು ಮಾಸ್ತರರ ಮಾತಿಗಲ್ಲ. ಸೀರೆ ಬೀಳುವ ಮುಂಚೆ ಹಾಲಿನಲ್ಲಿ ಕವಿದಿದ್ದ ಆ ಸದ್ದಡಗಿದ ಹೊತ್ತಿಗಾಗಿ ಹೋದ. ಅದರ ರುಚಿ ಹತ್ತಿಬಿಟ್ಟಿತ್ತು. ಒಂದು ಪದ ಮಂದಿಗೆ ಕೇಳಿಸಬೇಕೆಂದರೆ ಕೊನೆಗೊಮ್ಮೆ ಮಂದಿಯಿಂದ ನಗಿಸಿಕೊಳ್ಳಬೇಕು. ಅದೇ ಕರಾರು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಮೂವರಿಗೂ ಗೊತ್ತಿತ್ತು.

ಅಲ್ಲಿಂದ ಅದು ಪದ್ಧತಿಯಾಯಿತು. ಅಮೀನಗಡ, ಗುಳೇದಗುಡ್ಡ, ಕೂಡಲಸಂಗಮ, ಕರೆದಲ್ಲಿಗೆಲ್ಲ ಹೋದರು. ಪೇಟಿ, ಏಕತಾರಿ, ಉದ್ದ ಸ್ವರ, ಆಮೇಲೆ ಪದ. ಪದದ ನಡುವೆ ಮಾಸ್ತರರು ಕಣ್ಸನ್ನೆ ಮಾಡುತ್ತಿದ್ದರು, ಲಾಡಸಾಬ ಹಗ್ಗ ಎಳೆಯುತ್ತಿದ್ದ, ಅಮರಪ್ಪನ ಗಂಟಲು ಕಟ್ಟುತ್ತಿತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರು. ಆ ಕಡೆಯ ಊರುಗಳಲ್ಲಿ ಅವನಿಗೆ ಎಲೆಕ್ಟ್ರಾನ್ ಅಮರಪ್ಪ ಎಂದೇ ಹೆಸರು ಬಿತ್ತು. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಅವನ ಮುಂದೆ ಬಂದು ಕತ್ತು ಹಿಡಿದುಕೊಂಡು ಕೀಚಲು ದನಿ ತೆಗೆದು ತೋರಿಸುತ್ತಿದ್ದರು. ಅವನೂ ಹಲ್ಲು ಕಿರಿಯುತ್ತಿದ್ದ. ಒಳಗೊಳಗೆ ಬೇಯುತ್ತಿದ್ದ.

ಮನೆಯಲ್ಲಿ ಇದನ್ನು ಹೇಳಿರಲಿಲ್ಲ. ಮಂದಿ ಕಿವಿಗೊಟ್ಟು ಕೇಳುತ್ತಾರೆ ಎಂದಷ್ಟೇ ಹೇಳಿದ್ದ. ಅದು ಸುಳ್ಳಲ್ಲವಲ್ಲ. ಶೇಖವ್ವ ಅವನ ದೋತರ ಒಗೆದು, ಮಡಿಚಿ, ತಲೆದಿಂಬಿನಡಿ ಇಟ್ಟು ಇಸ್ತ್ರಿಯ ಗೆರೆ ಮೂಡಿಸಿ ಕೊಡುತ್ತಿದ್ದಳು. ತಾನೂ ಬರುತ್ತೇನೆ ಎಂದಾಗಲೆಲ್ಲ, ಬಸ್ಸಿನಲ್ಲಿ ಗದ್ದಲ, ಹೆಂಗಸರಿಗೆ ಅಲ್ಲಿ ಸರಿಯಾದ ಜಾಗವಿಲ್ಲ ಎಂದು ಏನೇನೋ ನೆಪ ಹೇಳಿ ತಪ್ಪಿಸುತ್ತಿದ್ದ. ಓಣಿಯ ಹೆಂಗಸರಿಗೆ ಅವಳು, ನಮ್ಮವರು ಹಾಡಿದರೆ ಸೂಜಿ ಬಿದ್ದರೂ ಕೇಳುತ್ತದಂತೆ ಎಂದು ಹೇಳುತ್ತಿದ್ದುದು ಕಿವಿಗೆ ಬಿದ್ದಾಗ ಅವನು ಕುಣಿಯಲ್ಲಿ ಇನ್ನಷ್ಟು ಕೆಳಗೆ ಜರುಗಿ ಕೂರುತ್ತಿದ್ದ.

ಒಂದು ಸಲ ಸಂಗಮದಿಂದ ಬಸ್ಸಿನಲ್ಲಿ ಬರುವಾಗ ಕೇಳಿಯೇ ಬಿಟ್ಟ.

"ಮಾಸ್ತರ್ರ, ಆ ಎಲೆಕ್ಟ್ರಾನಿಗೆ ಖರೇನ ನನ್ನಂಗ ನಾಚಿಕಿ ಐತೇನ್ರಿ?"

ಮಾಸ್ತರರು ಕಿಟಕಿಯ ಆಚೆ ನೋಡಿದರು. ಸುಳ್ಳು ಹೇಳುವ ಜನ ಅಲ್ಲ ಅವರು. "ಖರೆ ಹೇಳಲಿ? ಅದಕ್ಕ ನಾಚಿಕಿನೂ ಇಲ್ಲ, ಹೆದರಿಕಿನೂ ಇಲ್ಲ. ಮನಶ್ಯಾ ನೋಡೂದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಳತಿ ಮಾಡಾಕ ಹ್ವಾದ್ರ ಅದರ ಸ್ಥಿತಿ ಬದಲಾಗತೈತಿ, ಅದು ಲೆಕ್ಕದಾಗ ತಿಳಿತೈತಿ, ಮಾತಿನ್ಯಾಗ ತಿಳಿಯಂಗಿಲ್ಲ. ಪೇಟಿ ಮಾತು ಖರೆ, ತಂತಿ ಮಾತು ಖರೆ, ಉದ್ದ ಸ್ವರದ ಮಾತೂ ಖರೆ."

"ಹಂಗಾರ ನಂದು ಸುಳ್ಳೇನ್ರಿ?"

"ಸುಳ್ಳಲ್ಲೋ ಮಾರಾಯ. ಒಗ್ಗರಣಿ. ಅದಿಲ್ಲಂದ್ರ ಮಂದಿಗೆ ರುಚಿ ಹತ್ತಂಗಿಲ್ಲ."

ಅಮರಪ್ಪ ಮಡಿಲಲ್ಲಿದ್ದ ಸೀರೆಯ ಗಂಟನ್ನು ಬಿಗಿದು ಕಟ್ಟಿದ. ತನ್ನ ಮಾನ ಹೋಗುವುದರಿಂದ ಒಂದು ಸತ್ಯವಾದರೂ ಊರೂರಿಗೆ ತಿಳಿಯುತ್ತಿದೆ ಎಂದುಕೊಂಡಿದ್ದ. ಅದೂ ಇಲ್ಲ. ಉಳಿದೆಲ್ಲ ಮಾತು ಖರೆ, ತಾನೊಬ್ಬ ಮಾತ್ರ ಒಗ್ಗರಣೆ.

ಬಾದಾಮಿಯಲ್ಲಿ ಒಂದು ವಿಚಿತ್ರ ನಡೆಯಿತು. ಎಂಬತ್ತೆರಡನೇ ಇಸವಿ ಇರಬೇಕು. ಲಾಡಸಾಬ ಹಗ್ಗ ಎಳೆದ, ಸೀರೆ ಸರಿಯಿತು, ಅಮರಪ್ಪ ಗಂಟಲು ಕಟ್ಟುವುದನ್ನು ಕಾದ. ಕಟ್ಟಲಿಲ್ಲ. ಎದುರಿಗೆ ಒಬ್ಬ ಮುದುಕ ಕಿವಿಯಲ್ಲಿ ಕಡ್ಡಿ ಆಡಿಸುತ್ತಿದ್ದ. ಒಬ್ಬ ತಾಯಿ ಕೂಸಿನ ಮೂಗು ಒರೆಸುತ್ತಿದ್ದಳು. ಯಾರೋ ಆಕಳಿಸಿದರು. ಇಷ್ಟು ವರ್ಷ ತಾನು ಹೆದರಿದ್ದು ಇವರಿಗೇ ಏನು? ಊರೂರು ತಿರುಗಿ, ನಗಿಸಿಕೊಂಡು ನಗಿಸಿಕೊಂಡು, ಹೆದರಿಕೆ ಯಾವಾಗಲೋ ಸವೆದುಹೋಗಿತ್ತು. ದನಿ ನೆಟ್ಟಗೆ ಮುಂದಿನ ಸಾಲಿಗೆ ದಾಟಲು ತಯಾರಾಗಿ ನಿಂತಿತ್ತು. ಆದರೆ ಮಾಸ್ತರರ ಕೈ ಆಗಲೇ ಮೇಲೆದ್ದಿತ್ತು, ಬಾಯಲ್ಲಿ "ನೋಡಿದ್ರಿಲ್ಲ" ಬಂದು ಕೂತಿತ್ತು. ಆ ಮುಖ ನೋಡಿ ಅಮರಪ್ಪ ಬೇಕೆಂದೇ ದನಿ ಒಡೆದ. ಕತ್ತು ಹಿಡಿದುಕೊಂಡ. ಜನ ನಕ್ಕರು.

ಸೀರೆ ಮಡಿಚುವಾಗ ಲಾಡಸಾಬ ಮೆಲ್ಲಗೆ ಅಂದ. "ಲೇ ಅಮರ್ಯಾ, ಇವತ್ತ ನಿನಗ ಖರೇನ ಕಟ್ಟಲಿಲ್ಲ."

"ಸುಮ್ನಿರೋ."

"ಮಾಸ್ತರಗ ಹೇಳು."

ಹೇಳಲಿಲ್ಲ. ಏನೆಂದು ಹೇಳುವುದು? ಇನ್ನು ನನಗೆ ಹೆದರಿಕೆಯಿಲ್ಲ ಎಂದರೆ ಮಾಸ್ತರರು ಬೇರೆ ಯಾರನ್ನೋ ಹುಡುಕಬೇಕಾಗುತ್ತದೆ. ಹಾಡುವವರು ಸಿಗುತ್ತಾರೆ, ಹೆದರುತ್ತ ಹಾಡುವವರು ಸಿಗುವುದಿಲ್ಲ. ಪದ ಹಾಡುವ ಆ ಒಂದು ಗಳಿಗೆ ಕಳೆದುಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ಹೀಗಾಗಿ ಆಮೇಲಿನ ಎರಡು ವರ್ಷ ನಾಟಕವೇ ನಡೆಯಿತು. ಮುಂಚಿನ ನಾಚಿಕೆ ಚಳಿಜ್ವರದ ಹಾಗೆ ತಾನಾಗಿ ಬರುತ್ತಿತ್ತು, ಅವನ ತಪ್ಪೇನೂ ಇರಲಿಲ್ಲ. ಈಗಿನದು ಅವನೇ ಕೈಯಾರೆ ಮಾಡಿಕೊಂಡದ್ದು. ಮುಂಚಿನದಕ್ಕೆ ತಲೆ ತಗ್ಗಿಸಿದರೆ ಸಾಕಿತ್ತು. ಈಗ ತಲೆ ತಗ್ಗಿಸಿದರೂ ಹೋಗುತ್ತಿರಲಿಲ್ಲ.

ಎಂಬತ್ತನಾಲ್ಕರಲ್ಲಿ ಬಾಗಲಕೋಟೆಯಿಂದ ಕರೆ ಬಂತು. ದೊಡ್ಡ ಸಭಾಭವನ, ಧಾರವಾಡದಿಂದ ಒಬ್ಬ ಪ್ರೊಫೆಸರರು ಅತಿಥಿ. ಅವರು ಮೆಚ್ಚಿದರೆ ಧಾರವಾಡ, ಬೆಳಗಾವಿಗಳಲ್ಲೂ ಭಾಷಣ ಇಡಿಸುವುದಾಗಿ ಮಾತಾಗಿತ್ತು. ಐದು ವರ್ಷ ಹಳ್ಳಿಹಳ್ಳಿ ತಿರುಗಿದ ಮಾಸ್ತರರಿಗೆ ಅದು ಜನ್ಮದ ಆಸೆ. ಹೊಸ ಅಂಗಿ ಹೊಲಿಸಿದ್ದರು. ಬೆಳಗಿನಿಂದ ಚಹಾ ಬಿಟ್ಟರೆ ಏನೂ ಗಂಟಲಲ್ಲಿ ಇಳಿದಿರಲಿಲ್ಲ.

ಅದೇ ದಿನ ಬಾಗಲಕೋಟೆಯಲ್ಲಿ ಶೇಖವ್ವನ ತಂಗಿ ರತ್ನವ್ವನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಗಂಡ ಹೆಂಡತಿ ಒಂದೇ ಬಸ್ಸಿಗೆ ಬಂದಿಳಿದರು. ನೀನು ಅಲ್ಲೇ ಇರು, ಮುಗಿಸಿಕೊಂಡು ಬಂದು ಕರೆದೊಯ್ಯುತ್ತೇನೆ ಎಂದು ಹೇಳಿ ಅಮರಪ್ಪ ಸಭಾಭವನದ ದಾರಿ ಹಿಡಿದ. ತೊಟ್ಟಿಲ ಕಾರ್ಯ ಊಟದ ಹೊತ್ತಿಗೇ ಮುಗಿಯುತ್ತದೆ, ರತ್ನವ್ವನ ಮನೆಯಿಂದ ಆ ಭವನ ಎರಡು ಓಣಿ ಆಚೆ ಮಾತ್ರ ಇದೆ ಎಂಬುದು ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಎಲ್ಲ ಚೆನ್ನಾಗಿ ನಡೆಯಿತು. ಪ್ರೊಫೆಸರರು ಏಕತಾರಿಯ ಭಾಗಕ್ಕೆ ಭಾಳ ಛಲೋ ಎಂದರು. ನೋಡಿದ ಕೂಡಲೆ ಎಲೆಕ್ಟ್ರಾನು ಹೇಗೆ ಬದಲಾಗುತ್ತದೆ ಎಂದು ಈಗ ತೋರಿಸುವುದಾಗಿ ಮಾಸ್ತರರು ಮೊದಲೇ ಹೇಳಿಟ್ಟರು. ಅಮರಪ್ಪ ಸೀರೆಯ ಹಿಂದೆ ಪದ ಎತ್ತಿಕೊಂಡ. ಭವನ ಸದ್ದಡಗಿತು. ಹಗ್ಗ ಎಳೆದಾಯಿತು. ಒಡೆಯಲೆಂದು ದನಿಯನ್ನು ಸಡಿಲ ಬಿಡುವಾಗ ಹೆಂಗಸರ ಸಾಲಿನಲ್ಲಿ ಕೂತ ಶೇಖವ್ವ ಕಂಡಳು. ಗಲ್ಲಕ್ಕೆ ಕೈ ಹಚ್ಚಿ ಅವನನ್ನೇ ನೋಡುತ್ತಿದ್ದಳು. ಮದುವೆಯಾದಂದಿನಿಂದ ಗೋಡೆಯ ಆಚೆ ಕೂತು ಅವನ ಹಾಡು ಕೇಳಿದವಳು, ಅವನು ಹಾಡುವ ಮುಖವನ್ನು ಅವಳೂ ಕಂಡಿರಲಿಲ್ಲ.

ಒಡೆಯಲು ಆಗಲಿಲ್ಲ. ದನಿ ಮುಂದಿನ ಸಾಲಿಗೆ ಹೋಯಿತು, ಅಲ್ಲಿಂದ ಮೇಲಕ್ಕೆ ಹತ್ತಿತು. ಅವಳ ಮುಖ ನೋಡುತ್ತಲೇ ಪೂರಾ ಪದ ಹಾಡಿ ಮುಗಿಸಿದ. ಹಾಗೆ ಅವನು ಹಿಂದೆ ಎಂದೂ ಹಾಡಿರಲಿಲ್ಲ. ಶೇಖವ್ವನ ಕಣ್ಣಲ್ಲಿ ನೀರು ಬಂದದ್ದು, ಅವಳು ಪಕ್ಕದ ಹೆಂಗಸಿನ ಕಡೆ ಬಾಗಿ ಏನೋ ಹೇಳಿದ್ದು ಅವನಿಗೆ ಕಂಡಿತು. ಅಂಥ ಸುಖ ಅವನ ಬಾಳಿನಲ್ಲಿ ಇನ್ನೊಂದಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮಾಸ್ತರರ ಕೈ ಮೇಲೆದ್ದದ್ದು ಮೇಲೆಯೇ ಉಳಿದಿತ್ತು. ಪ್ರೊಫೆಸರರು ಕೂತಲ್ಲಿಂದ ಕೇಳಿದರು.

"ಏನ್ರಿ ಮಾಸ್ತರ, ನೋಡಿದ ಕೂಡಲೆ ಬದಲಾಗತೈತಿ ಅಂದಿದ್ರಿ. ಏನೂ ಬದಲಾಗಲಿಲ್ಲಲ್ಲ?"

ಜನ ಮಾಸ್ತರರನ್ನು ನೋಡಿ ನಕ್ಕರು. "ಇನ್ನೊಮ್ಮೆ ಮಾಡಿ ತೋರಸ್ತೇನ್ರಿ ಸರ," ಎಂದು ತೊದಲುತ್ತ ಮಾಸ್ತರರು ಸೀರೆ ಎಳೆಸಿ ಹಿಂದೆ ಬಂದರು. ಹೊಸ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಅಮರಪ್ಪ, ಏನಾತೋ ನಿನಗ?"

"ಹೆದರಿಕಿ ಬರಲಿಲ್ರಿ."

"ಬರಲಿಲ್ಲಂದ್ರ ತರಸಿಕೋ. ನಿನಗ ಕೈ ಮುಗಿತೇನಿ. ಇವತ್ತೊಂದು ದಿನ ನನ್ನ ಮಾನ ಉಳಸು."

ಮಾಸ್ತರರು ನಿಜವಾಗಿಯೂ ಕೈ ಮುಗಿದು ನಿಂತಿದ್ದರು. ಕುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನಿನ್ನ ಕಂಠ ಬೇಕು ಎಂದ ಮೊದಲ ಮನುಷ್ಯ. ಅವರಿಲ್ಲದಿದ್ದರೆ ಈ ಭವನವೆಲ್ಲಿ, ತಾನೆಲ್ಲಿ. ಆಚೆ ಕಡೆ ಶೇಖವ್ವ. ಅವಳಿಗಾದರೆ ಆಮೇಲೆ ತಿಳಿಸಿ ಹೇಳಬಹುದು, ಮನೆಯವಳು, ಅರ್ಥ ಮಾಡಿಕೊಳ್ಳುತ್ತಾಳೆ. ಹಾಗೆಂದು ಲೆಕ್ಕ ಹಾಕಿ ಅಮರಪ್ಪ ತಲೆ ಆಡಿಸಿದ. ಲಾಡಸಾಬ ಹಗ್ಗ ಹಿಡಿದು ಅವನನ್ನೇ ದುರುಗುಟ್ಟಿ ನೋಡುತ್ತಿದ್ದ.

ಮತ್ತೆ ಪದ. ಮತ್ತೆ ಸೀರೆ ಸರಿಯಿತು. ಅಮರಪ್ಪ ಹೆಂಗಸರ ಸಾಲಿನತ್ತ ಕಣ್ಣು ಹಾಯಿಸಲಿಲ್ಲ. ದನಿ ಒಡೆದ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಈ ಸಲ ಗಟ್ಟಿಯಾಗಿ ಆಗಲಿ, ಪ್ರೊಫೆಸರರಿಗೆ ಸಂಶಯ ಉಳಿಯಬಾರದು ಎಂದು ಮೈಮೇಲೆ ಬಂದವನಂತೆ ಮಾಡಿದ. ಕೀಚಲು ದನಿ ಎರಡು ಸಲ ತೆಗೆದ, ಕಣ್ಣು ಮೇಲೆ ಮಾಡಿದ, ಕತ್ತು ಹಿಡಿದುಕೊಂಡು ಆ ಕಡೆ ಈ ಕಡೆ ನೋಡಿ ಸೀರೆಯ ಚುಂಗು ಹಿಡಿದು ಮುಖ ಮುಚ್ಚಿಕೊಂಡ. ಅಂಥ ನಗೆ ಯಾವ ಊರಿನಲ್ಲೂ ಬಿದ್ದಿರಲಿಲ್ಲ. ಪ್ರೊಫೆಸರರು ಕಣ್ಣೊರೆಸಿಕೊಂಡು ನಕ್ಕರು. ಮಾಸ್ತರರ ಮಾನ ಉಳಿಯಿತು.

ಮರಳಿ ಹೋಗುವ ಬಸ್ಸಿನಲ್ಲಿ ಶೇಖವ್ವ ಕಿಟಕಿಯ ಕಡೆ ಕೂತಿದ್ದಳು. ಮಗು ಹೇಗಿದೆ ಎಂದ. ಚಲೋ ಐತಿ ಎಂದಳು. ಏನು ಹೆಸರಿಟ್ಟರು ಎಂದ, ಹೇಳಿದಳು. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಹೋಗಿ ಕರದಂಟು ತಂದುಕೊಟ್ಟ. ಉಡಿಯಲ್ಲಿ ಇಟ್ಟುಕೊಂಡಳು, ಬಿಚ್ಚಲಿಲ್ಲ. ಹೇಳಬೇಕೆಂದುಕೊಂಡ ಮಾತುಗಳೆಲ್ಲ ಅವನ ಬಾಯಿತನಕ ಬಂದು ಹೊರಳಿ ಹೋದವು. ಅಂದು ಖರೇನೇ ಗಂಟಲು ಕಟ್ಟಿತ್ತು.

ನಾಲ್ಕೈದು ದಿನದ ಮೇಲೆ ಮಾಸ್ತರರು ಸೈಕಲ್ಲಿನ ಗಂಟೆ ಬಾರಿಸುತ್ತ ಬಂದರು. ಧಾರವಾಡಕ್ಕೆ ಕರೆ ಬಂದಿತ್ತು. ಖುಷಿಯಲ್ಲಿ ಕುಣಿಯ ಅಂಚಿನಲ್ಲಿ ಕೂತು ಅಮರಪ್ಪನ ಬೆನ್ನು ತಟ್ಟಿದರು. ಶೇಖವ್ವ ಚಹಾ ತಂದಿಟ್ಟಳು.

"ಏನವಾ, ನೀನೂ ಬಂದಿದ್ದಿಯಂತಲ್ಲ ಬಾಗಲಕೋಟಿಗೆ. ನಿಮ್ಮವರ ಹಾಡು ಹೆಂಗನಿಸ್ತು?"

"ಭಾಳ ಚಂದಿತ್ರಿ," ಎಂದಳು ಅವಳು. "ಸೀರಿ ಸರಿಸಿದ ಮ್ಯಾಲೂ ಚಂದಿತ್ತು. ನನ್ನ ಬಾಜೂಕ ಕುಂತಾಕಿ, ಯಾರವಾ ಅಂವಾ, ಇಷ್ಟ ಚಂದ ಹಾಡತಾನ ಅಂದಳು. ನಮ್ಮ ಮನಿಯವರು ಅಂತ ಹೇಳಿದೆ."

ಮಾಸ್ತರರು ನಕ್ಕು ಚಹಾದ ಬಸಿ ಕೈಗೆತ್ತಿಕೊಂಡರು. ಅಮರಪ್ಪ ಲಾಳಿ ನಿಲ್ಲಿಸಿದ.

"ಆಮ್ಯಾಲೆ ಎರಡನೇ ಸಲ ಹಾಡಿಸಿದ್ರಲ್ರಿ. ಬೇಕಂತ ಕೆಡಿಸಿದ್ದು ನನಗ ತಿಳೀತು, ಇವರಿಗೆ ಖರೇನ ಗಂಟಲು ಕಟ್ಟೂದು ಮದುವ್ಯಾಗ ನೋಡಿದಾಕಿ ನಾ. ಮಂದಿಗೆ ಹೆಂಗ ತಿಳಿಬೇಕು. ಎಲ್ಲಾರೂ ನಗಾಕ ಹತ್ತಿದ್ರು. ಬಾಜೂಕ ಕುಂತಾಕಿ ನಗಕೋತ ನನ್ನ ಮಾರಿ ನೋಡಿದಳು, ಇಂವಾ ನಿಮ್ಮಾಂವೇನವಾ ಅಂತ ಕೇಳಿದಳು."

"ನೀ ಏನಂದಿ?" ಎಂದು ಕೇಳಿದವನು ಅಮರಪ್ಪ.

ಶೇಖವ್ವ ಅವನ ಕಡೆ ತಿರುಗಲಿಲ್ಲ. "ಅಲ್ಲವಾ, ಮೊದಲ ಹಾಡಿದವರು ನಮ್ಮವರು, ಇಂವಾ ಯಾವನೋ ಗೊತ್ತಿಲ್ಲ ಅಂದೆ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹಂಗಂದು, ಆಕಿ ಕೂಡ ನಾನೂ ನಕ್ಕೆ."

ಮಾಸ್ತರರು ಬಸಿಯನ್ನು ಕೆಳಗಿಟ್ಟರು. ಅವಳು ಕಂಡಿಕೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.